ಕೆರೆ ನೀರು ಹಂಚೋಕೆ ಬರೆದ ಕಾನೂನು ಬೇಕಾ, ಊರ ಕಟ್ಟು ಸಾಕಾ?

ಕೊನೆಗದ್ದೆ (ಈ ವೇದಿಕೆಯಲ್ಲಿ ಬರೆಯೋರದ್ದೆಲ್ಲ ಅಡ್ಡಹೆಸರು) ಕೇಳಿದ್ದು:

ಸಮಾಜಕ್ಕೆ ಕಾಯ್ದೆ ಕಟ್ಟಳೆ ಬೇಕೋ ಬೇಡವೋ ಅನ್ನೋ ಚರ್ಚೆ ಇಲ್ಲಿ ಗಾಳಿಯಲ್ಲೇ ಶುರುವಾಗಿ ಗಾಳಿಯಲ್ಲೇ ಮುಗಿಯುತ್ತೆ. ಅದನ್ನೊಂದು ಕೆರೆಗೆ ಕಟ್ಟಿ ಕೇಳ್ತೀನಿ, ತಿಳಿದವರು ಹೇಳಿ.

ಬಯಲುಸೀಮೆಯ ಒಂದು ಕೆರೆ. ತುಂಬಿದಾಗ ಸುಮಾರು 40 ಎಕರೆ ನೀರು ಹರಡುತ್ತೆ. ಅಚ್ಚುಕಟ್ಟು (ಕೆರೆ ನೀರು ಹಾಯೋ ಜಮೀನು) 120 ಎಕರೆ, 90 ಖಾತೆದಾರರು. ನೀರು ಬಿಡೋಕೆ ಎರಡು ತೂಬು, ಒಂದಕ್ಕೆ ತಿರುಪಿನ ಶಟರ್ ಇದೆ, ಇನ್ನೊಂದು ಹಳೇ ಕಲ್ಲಿನ ತೂಬು. ಹೂಳು ತುಂಬಿದೆ. ಈ ಸಲ ಮಳೆ ನಿಂತಾಗ ಕೆರೆಯಲ್ಲಿ 6 ದಶಲಕ್ಷ ಘನ ಅಡಿ ನೀರಿದೆ ಅಂತ ಅಂದಾಜು.

ಊರಲ್ಲಿ ಎರಡು ಮಾತು. ಹಿರಿಯರು ಹೇಳೋದು: ನೂರಾರು ವರ್ಷ ಯಾವ ಕಾನೂನೂ ಇಲ್ಲದೆ ಈ ಕೆರೆ ನಡೆದಿದೆ, ಊರ ಕಟ್ಟು ಸಾಕು, ಕಾಗದಕ್ಕೆ ಹೋದ್ರೆ ಕೋರ್ಟಿಗೇ ಹೋದ ಹಾಗೆ. ಹುಡುಗರು ಹೇಳೋದು: ಸಂಘ ರಿಜಿಸ್ಟರ್ ಮಾಡಿ, ಬೈಲಾ ಬರೆದು, ದಂಡ ಹಾಕಿ, ಕೇಳದವರ ಮೇಲೆ ಕೇಸು ಹಾಕೋಣ. ತಲೆಗದ್ದೆಯವರು (ತೂಬಿಗೆ ಹತ್ತಿರದವರು) ಭತ್ತ ಹಾಕಿ ನೀರು ಮುಗಿಸ್ತಾರೆ, ಕೊನೆಗದ್ದೆಗೆ ತೇವವೂ ಸಿಗಲ್ಲ. ಜಗಳದ ಮೂಲ ಇಷ್ಟೇ. ಏನನ್ನ ಬರೆದಿಡಬೇಕು, ಏನನ್ನ ಬಾಯಿಮಾತಿಗೆ ಬಿಡಬೇಕು, ಯಾವುದಕ್ಕೆ ಸರ್ಕಾರದ ಕೈ ಬೇಕೇಬೇಕು?

ತೂಬಿನ ಲೆಕ್ಕ ಉತ್ತರಿಸಿದ್ದು:

ಬೈಲಾ ಆಮೇಲೆ, ಮೊದಲು ನೀರು ಅಳೆಯಿರಿ. ಎಷ್ಟಿದೆ ಅಂತ ಗೊತ್ತಿಲ್ಲದ ವಸ್ತುವಿಗೆ ನಿಯಮ ಬರೆಯೋಕೆ ಕೂತರೆ ಜೋರು ದನಿಯವನು ಹೇಳಿದ್ದೇ ನಿಯಮ ಆಗುತ್ತೆ.

ಒಂದು ದಶಲಕ್ಷ ಘನ ಅಡಿ ಅಂದ್ರೆ 28,317 ಘನ ಮೀಟರ್. ನಿಮ್ಮ 6ರಲ್ಲಿ 1 ಬಿಟ್ಟುಬಿಡಿ. ತೂಬಿನ ಮಟ್ಟಕ್ಕಿಂತ ಕೆಳಗಿರೋ ನೀರು, ದನಕರುಗಳ ನೀರು, ಮೀನು ಉಳಿಯೋಕೆ ಬೇಕಾದ ನೀರು ಎಲ್ಲ ಅದರಲ್ಲಿ ಬಂತು. ಆಮೇಲೆ ಆವಿ. ಬಯಲುಸೀಮೆಯ ಹಿಂಗಾರಲ್ಲಿ ದಿನಕ್ಕೆ 5 ಮಿ.ಮೀ. ಹಿಡಿದ್ರೂ, ನೀರಿನ ಹರವು ಇಳಿಯುತ್ತಾ ಸರಾಸರಿ 25 ಎಕರೆ ಅಂತ ಇಟ್ಕೊಂಡ್ರೂ, ದಿನಕ್ಕೆ 500 ಘನ ಮೀಟರ್ ಮೇಲೆ ಹೋಗುತ್ತೆ. ನೂರು ದಿನಕ್ಕೆ 1.8 ದಶಲಕ್ಷ ಘನ ಅಡಿ. ಯಾರೂ ಕದಿಯದೆ, ಯಾರೂ ಜಗಳ ಆಡದೆ ಹೋಗೋ ನೀರು ಇದು. ಉಳಿದದ್ದು 3.2. ಮಣ್ಣಿನ ಕಾಲುವೆಯಲ್ಲಿ ಇಂಗೋದು, ಸೋರೋದು ಶೇ. 30 ಹಿಡಿಯಿರಿ. ಗದ್ದೆಯ ಮಡೆಗೆ (ನೀರು ಒಳಬರೋ ಬಾಯಿಗೆ) ಮುಟ್ಟೋದು ಬರೀ 2.24, ಅಂದ್ರೆ ಸುಮಾರು 63,400 ಘನ ಮೀಟರ್.

ಈಗ ಬೆಳೆ. ಭತ್ತಕ್ಕೆ ಇಂಗುವಿಕೆಯೂ ಸೇರಿ 1,200 ಮಿ.ಮೀ. ಬೇಕು ಅಂದ್ರೆ ಎಕರೆಗೆ 4,856 ಘನ ಮೀಟರ್, ಕೆರೆ 13 ಎಕರೆಗೆ ಮುಗೀತು. ರಾಗಿಗೆ 400 ಮಿ.ಮೀ. ಅಂದ್ರೆ 39 ಎಕರೆ. ಕಡಲೆ, ಅಲಸಂದೆ ತರದ್ದಕ್ಕೆ 250 ಮಿ.ಮೀ. ಸಾಕು ಅಂದ್ರೆ 62 ಎಕರೆ. ನೀರು ಒಂದೇ, ಯಾವ ಬೆಳೆ ಅಂತ ತೀರ್ಮಾನ ಆದ ಕ್ಷಣ ಯಾರಿಗೆ ಸಿಗುತ್ತೆ ಅನ್ನೋದೂ ತೀರ್ಮಾನ ಆಗಿಬಿಡುತ್ತೆ. ಹಾಗಾಗಿ ನಿಮ್ಮೂರಿಗೆ ಬೇಕಾದ ಮೊದಲ ನಿಯಮ ಬೆಳೆಯದ್ದು, ಸರದಿಯದ್ದು ಆಮೇಲೆ. ಬೆಳೆ ಬಿಟ್ಟು ಸರದಿ ಮಾತ್ರ ಬರೆದ ಊರುಗಳಲ್ಲಿ ತಲೆಗದ್ದೆಯವನು ನಿಯಮದ ಪ್ರಕಾರವೇ ನೀರು ಮುಗಿಸ್ತಾನೆ. ಭತ್ತದ ಸಸಿ ನೆಟ್ಟಾದ ಮೇಲೆ "ಒಣಗಿಸಿಬಿಡಿ" ಅಂತ ಹೇಳೋ ಧೈರ್ಯ ಯಾವ ಪಂಚಾಯಿತಿಗೂ ಇರಲ್ಲ.

ಎರಡನೇ ತೊಡಕು ಗಡಿಯಾರದ್ದು. "ಎಕರೆಗೆ ಒಂದೂಕಾಲು ಗಂಟೆ" ಅಂತ ಬರೆದಿಟ್ಟು ನ್ಯಾಯ ಆಯ್ತು ಅನ್ಕೋತಾರೆ. ಆಗಿರಲ್ಲ. ತೂಬಿನ ಕಿಂಡಿಯಿಂದ ಬರೋ ನೀರು ಕಿಂಡಿಯ ಮೇಲಿರೋ ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕ ಹಾಗೆ ಇರುತ್ತೆ. 15 ಸೆಂ.ಮೀ. ವ್ಯಾಸದ ಕಿಂಡಿ, ಮೇಲೆ 2 ಮೀಟರ್ ನೀರಿದ್ರೆ ಸೆಕೆಂಡಿಗೆ ಸುಮಾರು 66 ಲೀಟರ್. ಅದೇ ಅರ್ಧ ಮೀಟರಿಗೆ ಇಳಿದಾಗ 33 ಲೀಟರ್. ಒಂದು ಎಕರೆಗೆ 5 ಸೆಂ.ಮೀ. ನೀರು ಕೊಡಬೇಕು, ದಾರಿಯಲ್ಲಿ ಶೇ. 30 ಹೋಗುತ್ತೆ ಅಂದ್ರೆ:

ಕಿಂಡಿಯ ಮೇಲೆ 2 ಮೀ. ಇದ್ದಾಗ 73 ನಿಮಿಷ
1.5 ಮೀ. ಇದ್ದಾಗ 84 ನಿಮಿಷ
1 ಮೀ. ಇದ್ದಾಗ 103 ನಿಮಿಷ
ಅರ್ಧ ಮೀ. ಇದ್ದಾಗ 145 ನಿಮಿಷ

ಮೊದಲು ನೀರು ಹಿಡಿದವನೂ ಕೊನೆಗೆ ಹಿಡಿದವನೂ ಒಂದೇ ನಿಮಿಷ ಹಿಡಿದ್ರೆ ಕೊನೆಯವನಿಗೆ ಸಿಗೋದು ಅರ್ಧ. ನೋಡೋಕೆ ಸಮಾನ, ಗದ್ದೆಯಲ್ಲಿ ಅಲ್ಲ. ತೂಬಿನ ಕಲ್ಲುಕಂಬಕ್ಕೆ ಕಾಲು ಮೀಟರಿಗೊಂದು ಗೆರೆ ಬಣ್ಣದಲ್ಲಿ ಎಳೆದು, ಪಕ್ಕದಲ್ಲಿ ನಿಮಿಷ ಬರೆದುಬಿಡಿ. ಗೆರೆಯ ಸೊನ್ನೆ ಕಿಂಡಿಯ ನಡುಮಧ್ಯಕ್ಕೆ ಬರಬೇಕು, ಕೆರೆಯ ತಳಕ್ಕಲ್ಲ. ಮೇಲಿನ ಅಂಕಿಗಳು ಕಿಂಡಿಯ ಗುಣಾಂಕ (ಲೆಕ್ಕದ ನೀರಲ್ಲಿ ನಿಜವಾಗಿ ಹೊರಬರೋ ಪಾಲು) 0.6 ಅಂತ ಹಿಡಿದದ್ದು. ಹಳೇ ಕಲ್ಲಿನ ತೂಬಿನ ಅಂಚು ಸವೆದಿರುತ್ತೆ, ಅದಕ್ಕೆ ಪಟ್ಟಿ ಬೇರೆ ಬರುತ್ತೆ. ಗದ್ದೆಯಲ್ಲಿ ಒಂದು ಸಲ ಕಟ್ಟಿ ಅಳೆದು ಸರಿ ಮಾಡ್ಕೊಳ್ಳಿ.

ಹಳೇ ಕಡತ ಉತ್ತರಿಸಿದ್ದು:

"ಯಾವ ಕಾನೂನೂ ಇಲ್ಲದೆ ನಡೆದಿದೆ" ಅನ್ನೋ ಮಾತು ಪೂರ್ತಿ ತಪ್ಪು. ಶಾಸನಗಳಲ್ಲಿ ಬಿಟ್ಟುವಟ್ಟ, ದಶವಂದ, ಕಟ್ಟುಕೊಡಗೆ ಅಂತ ಬರುತ್ತಲ್ಲ, ಅವೆಲ್ಲ ಏನು? ಕೆರೆ ಕಟ್ಟಿದವನಿಗೆ, ಕಾಯುವವನಿಗೆ, ಹೂಳು ತೆಗೆಯುವವನಿಗೆ ಎಷ್ಟು ಪಾಲು, ಎಷ್ಟು ಭೂಮಿ ಅಂತ ಕಲ್ಲಿಗೆ ಕೆತ್ತಿದ ನಿಯಮ. ನಿಯಮ ಕೆಡಿಸಿದವನಿಗೆ ಶಾಪವೂ ಅದರಲ್ಲೇ ಇರುತ್ತೆ, ಅವತ್ತಿನ ದಂಡಸಂಹಿತೆ ಅದು. ಮೈಸೂರು ಸಂಸ್ಥಾನ 1911ರಲ್ಲೇ ಕೆರೆ ಪಂಚಾಯಿತಿಗೆ ರೆಗ್ಯುಲೇಷನ್ ತಂದಿತ್ತು. ಆಮೇಲೆ 1965ರ ಕರ್ನಾಟಕ ನೀರಾವರಿ ಕಾಯ್ದೆ. ನಿಯಮ ಇಲ್ಲದ ಕಾಲ ಅಂತ ಯಾವುದನ್ನ ಹೇಳ್ತಾರೋ ಆ ಕಾಲದಲ್ಲಿ ನಿಯಮ ಇನ್ನೂ ಬಿಗಿಯಾಗಿತ್ತು.

ಊರ ಕಟ್ಟು ನಿಂತಿದ್ದು ನೀರು ಹಾಯಿಸೋ ನೀರಗಂಟಿಯ ಮೇಲೆ. ತೂಬು ತೆಗೆಯೋದು, ಹಾಕೋದು, ಮಡೆ ತಿರುಗಿಸೋದು, ರಾತ್ರಿ ಕಾಲುವೆ ಕಾಯೋದು, ಮಳೆಗಾಲದಲ್ಲಿ ಏರಿಯಲ್ಲಿ ಇಲಿಬಿಲ, ಏಡಿಬಿಲ ಹುಡುಕಿ ಮುಚ್ಚೋದು, ಕೋಡಿ ಬೀಳೋ ಹೊತ್ತಿಗೆ ಊರಿಗೆ ಸುದ್ದಿ ಮುಟ್ಟಿಸೋದು ಎಲ್ಲ ಅವನದೇ. ರೈತ ತನ್ನ ಕೈಯಾರೆ ಮಡೆ ಮುಟ್ಟೋ ಹಾಗಿರಲಿಲ್ಲ. ಕೂಲಿ ಸುಗ್ಗಿಯಲ್ಲಿ, ಕಣದಲ್ಲೇ ಆಯದ ಲೆಕ್ಕದಲ್ಲಿ, ಎಕರೆಗೆ ಇಷ್ಟು ಸೇರು ಅಂತ. ಇದರಲ್ಲಿ ಒಂದು ಜಾಣತನ ಇದೆ: ಕೊನೆಗದ್ದೆ ಬೆಳೆಯದಿದ್ರೆ ಅಲ್ಲಿಂದ ಅವನಿಗೆ ಆಯ ಬರಲ್ಲ. ಹಾಗಾಗಿ ಕೊನೆಯ ತನಕ ನೀರು ಮುಟ್ಟಿಸೋದು ಅವನ ಹೊಟ್ಟೆಯ ಪ್ರಶ್ನೆ. ಬಹಳ ಕಡೆ ಅವನಿಗೆ ಆ ಅಚ್ಚುಕಟ್ಟಲ್ಲಿ ಸ್ವಂತ ಗದ್ದೆ ಇರುತ್ತಿರಲಿಲ್ಲ, ಅದಕ್ಕೇ ಪಕ್ಷಪಾತ ಇಲ್ಲ ಅಂತ ನಂಬಿಕೆ.

ಯಾಕೆ ಗದ್ದೆ ಇರುತ್ತಿರಲಿಲ್ಲ ಅನ್ನೋದನ್ನ ಹಿರಿಯರು ಹೇಳಲ್ಲ. ನೀರಗಂಟಿಕೆ, ತೋಟಿ ಕೆಲಸ ಹೆಚ್ಚಿನ ಊರುಗಳಲ್ಲಿ ಅಪ್ಪನಿಂದ ಮಗನಿಗೆ ಬರೋ ದಲಿತರ ಚಾಕರಿ. ಆ ಕೆಲಸ ಬಿಡೋ ಸ್ವಾತಂತ್ರ್ಯ ಅವರಿಗಿರಲಿಲ್ಲ. ಗೌಡರ ಗದ್ದೆಗೆ ಹೆಚ್ಚು ನೀರು ಹೋದ್ರೆ ಅವನು ಯಾರ ಹತ್ತಿರ ದೂರು ಹೇಳಬೇಕಿತ್ತು? 1961ರ ಕರ್ನಾಟಕ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ಈ ವಂಶಪಾರಂಪರ್ಯ ಹುದ್ದೆಗಳನ್ನ ತೆಗೆಯಿತು, ಚಾಕರಿಗೆ ಅಂತ ಕೊಟ್ಟಿದ್ದ ಇನಾಂ ಜಮೀನನ್ನ ಅವರಿಗೇ ಮರುಮಂಜೂರು ಮಾಡೋ ದಾರಿ ಮಾಡಿತು. ಹುದ್ದೆ ಹೋದದ್ದು ಕೆರೆಗೆ ನಷ್ಟ ನಿಜ, ಆದ್ರೆ ಆ ಮನೆಗಳಿಗೆ ಬಿಡುಗಡೆ. ಎರಡನ್ನೂ ಒಟ್ಟಿಗೆ ಹೇಳದೆ "ಊರ ಕಟ್ಟು ಚೆನ್ನಾಗಿತ್ತು" ಅನ್ನೋದು ಅರ್ಧ ಮಾತು.

ಈಗ ನೀರಗಂಟಿ ಬೇಕೇ ಬೇಕು ಅಂದ್ರೆ ಸಂಬಳದ ಕೆಲಸ ಮಾಡಿ. ಯಾವ ಜಾತಿಯವರಾದ್ರೂ ಸರಿ, ಆ ಅಚ್ಚುಕಟ್ಟಲ್ಲಿ ಜಮೀನಿಲ್ಲದವರು, ಒಂದು ಹಂಗಾಮಿನ ಕರಾರು. ಕೂಲಿಯ ಅರ್ಧ ತಿಂಗಳು ತಿಂಗಳು ಕೊಡಿ, ಉಳಿದರ್ಧ ಕೊನೆಗದ್ದೆಯವರು "ನೀರು ಮುಟ್ಟಿತು" ಅಂತ ಸಹಿ ಹಾಕಿದ ಮೇಲೆ. ಹಳೇ ಆಯದ ಜಾಣತನ ಉಳೀತು, ಜೀತ ಹೋಯ್ತು.

ಬರದ ವರ್ಷದ ಹಳೇ ದಾರಿಯೊಂದಿದೆ, ದಾಮಾಷಾ. ಇಡೀ ಅಚ್ಚುಕಟ್ಟು ಬಿಟ್ಟು ತೂಬಿಗೆ ಹತ್ತಿರದ ತುಂಡನ್ನ ಮಾತ್ರ ಆ ವರ್ಷ ಬೆಳೆಯೋದು, ಅದನ್ನ ಎಲ್ಲ ಹಿಡುವಳಿದಾರರೂ ತಮ್ಮ ತಮ್ಮ ಜಮೀನಿನ ಪ್ರಮಾಣದಲ್ಲಿ ಹಂಚ್ಕೊಳ್ಳೋದು. ಶ್ರೀಲಂಕಾದ ಕೆರೆಗಳಲ್ಲಿ ಇದನ್ನೇ ಬೆತ್ಮ ಅಂತಾರೆ. ಮೇಲಿನ ಲೆಕ್ಕದ 39 ಎಕರೆ ರಾಗಿಯನ್ನ 120ಕ್ಕೆ ಹಂಚಿದ್ರೆ ಎಕರೆಗೆ 13 ಗುಂಟೆ ಬರುತ್ತೆ. ಕಾಲುವೆಯ ಉದ್ದ ಕಡಿಮೆ, ಹಾಗಾಗಿ ಶೇ. 30ರ ನಷ್ಟವೂ ಇಳಿಯುತ್ತೆ.

104ನೇ ಮೈಲು ಉತ್ತರಿಸಿದ್ದು:

ಕಾಯ್ದೆ ಬರದ್ರ ಎಲ್ಲಾ ಸರಿ ಹೋಗ್ತೈತಿ ಅನ್ನೋ ಹುಡುಗ್ರಿಗೆ ತುಂಗಭದ್ರಾ ಎಡದಂಡೆ ಕಾಲುವಿ ತೋರಿಸ್ರಿ. 1953ರಾಗ ಡ್ಯಾಮಿನ್ಯಾಗ ನೀರು ತುಂಬಿಸಾಕ ಶುರು ಮಾಡಿದ್ರು. ಯೋಜನಾ ಮಾಡಿದ್ದು ಹೆಚ್ಚಾಗಿ ಬರ ತಡ್ಯಾಕ, ಜೋಳ, ಹತ್ತಿ, ಶೇಂಗಾ ಅಂತ ಹಗುರ ನೀರಿನ ಬೆಳಿಗೆ. ಯಾವ ಸರ್ವೆ ನಂಬರಿಗೆ ಯಾವ ಬೆಳಿ ಅಂತ ಸರ್ಕಾರ ಲೋಕಲೈಜೇಶನ್ ಪಟ್ಟಿ ಮಾಡಿ ಇಟ್ಟೈತಿ. ಬರದದ್ದು ಐತಿ, ಕಾಯ್ದೆದ ಬಲಾನೂ ಐತಿ. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಾಗ ನೋಡ್ರಿ, ಕಣ್ಣು ಹಾಯೋ ತನಕ ಭತ್ತ. ಮ್ಯಾಲಿನವ್ರು ಭತ್ತ ಹಾಕಿದ್ರ ಮಾನ್ವಿ, ಸಿರವಾರ, ರಾಯಚೂರು ಕಡಿ ಕೊನಿ ಭಾಗಕ್ಕ ನೀರಿಲ್ಲ. ಪ್ರತಿ ಹಂಗಾಮಿಗೂ 69ನೇ ಮೈಲಿನ್ಯಾಗ, 104ನೇ ಮೈಲಿನ್ಯಾಗ ಗೇಜು (ನೀರಿನ ಮಟ್ಟ) ಎಷ್ಟು ಇರಬೇಕು ಅಂತ ಸಭೆ, ಕಾಲುವಿ ದಂಡಿಗೆ ನಿಷೇಧಾಜ್ಞೆ, ಪಂಪ್‌ಸೆಟ್ ತೆರವು. ಮತ್ತ ಮುಂದಿನ ವರ್ಷ ಅದೇ ಹಾಡು.

ಯಾಕ ಮುರೀತು? ಒಂದು, ಪಟ್ಟಿ ಜಾರಿ ಮಾಡಾಕ ಮೊದಲ ಹತ್ತು ಇಪ್ಪತ್ತು ವರ್ಷ ಯಾರೂ ಬರಲಿಲ್ಲ. ಆಗ ಕೊನಿ ಭಾಗದ ಕಾಲುವಿ ಇನ್ನೂ ತಯಾರಾಗಿರಲಿಲ್ಲ, ನೀರು ಹೆಚ್ಚಿತ್ತು, ಮ್ಯಾಲಿನವ್ರು ಭತ್ತಕ್ಕ ಹೊಂದಿಕೊಂಡ್ರು, ಗದ್ದಿ ಮಟ್ಟಸ ಮಾಡಿಸಿದ್ರು, ರೈಸ್ ಮಿಲ್ ಬಂದ್ವು. ಹಂಗ ಬೇರೂರಿದ್ದನ್ನ ಈಗ ಕಾಗದ ತೋರಿಸಿ ಕೀಳಾಕ ಬರಂಗಿಲ್ಲ. ಎರಡು, ತಪ್ಪು ಮಾಡಿದವ ಒಬ್ಬ ಆದ್ರ ಶಿಕ್ಷಾ, ಇಡೀ ತಾಲೂಕು ಆದ್ರ ಮತಬ್ಯಾಂಕು. 2024ರಾಗ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಕಾಲುವಿ ನೀರು ಕದಿಯೋರಿಗೆ ಶಿಕ್ಷಾ ಹೆಚ್ಚು ಮಾಡ್ಯಾರ. ಶಿಕ್ಷಾ ಎಷ್ಟು ದೊಡ್ಡದಾದ್ರ ಕೆಳಗಿನ ಎಂಜಿನಿಯರು ಅದನ್ನ ಬಳಸೋದು ಅಷ್ಟು ಕಡಿಮಿ, ಇದು ನನ್ನ ಅಭಿಪ್ರಾಯ. ಸಣ್ಣ ದಂಡ, ಅವತ್ತೇ ವಸೂಲಿ, ಅದು ನಡೀತೈತಿ.

ನಿಮ್ಮ ಕೆರಿ 120 ಎಕರೆ. ನಿಮಗ ಇರೋ ಅನುಕೂಲ ಅಂದ್ರ ಎಲ್ಲಾರ ಗದ್ದಿ ಎಲ್ಲಾರ ಕಣ್ಣಿಗೆ ಬೀಳ್ತೈತಿ. ಅದನ್ನ ಕಳಕೋಬ್ಯಾಡ್ರಿ.

ತೂಬಿನ ಲೆಕ್ಕ:

104ನೇ ಮೈಲು ಅವರ ಮಾತಿಗೆ ಒಂದು ಸೇರಿಸ್ತೀನಿ. ಆಂಧ್ರದ ಒಣಸೀಮೆಯ ಕಾಲುವೆ ಹಳ್ಳಿಗಳನ್ನ ರಾಬರ್ಟ್ ವೇಡ್ ಅಧ್ಯಯನ ಮಾಡಿ 1988ರಲ್ಲಿ ಬರೆದರು. ಊರೇ ದುಡ್ಡು ಹಾಕಿ ನೀರು ಹಾಯಿಸೋರನ್ನ, ಹೊಲ ಕಾಯೋರನ್ನ ನೇಮಿಸಿಕೊಂಡದ್ದು ಬಹುಮಟ್ಟಿಗೆ ಕಾಲುವೆಯ ಕೊನೆಯ ಕಡೆಯ ಹಳ್ಳಿಗಳು. ನೀರು ಸಲೀಸಾಗಿ ಬರೋ ಮೇಲಿನ ಹಳ್ಳಿಗಳಿಗೆ ಆ ಗೋಜೇ ಬೇಕಿರಲಿಲ್ಲ. ಕೊರತೆ ಕಣ್ಣಿಗೆ ಕಾಣೋವಾಗ ನಿಯಮ ಹುಟ್ಟುತ್ತೆ. ಹಾಗಾಗಿ ಸಭೆ ಕರೆಯೋದಾದ್ರೆ ಕೆರೆ ಕೋಡಿ ಬಿದ್ದ ವರ್ಷ ಕರೆಯಬೇಡಿ, ಇಂಥ ವರ್ಷವೇ ಸರಿ.

ಬೈಲಾ ಬರೆಯುವವ ಉತ್ತರಿಸಿದ್ದು:

ಸಂಘ ಮಾಡೋದಾದ್ರೆ ಅದರ ಬಲ ಎಲ್ಲಿಗೆ ಮುಗಿಯುತ್ತೆ ಅಂತ ಮೊದಲೇ ತಿಳಿದುಕೊಳ್ಳಿ. ಕೆರೆಗಳನ್ನ ದುರಸ್ತಿ ಮಾಡೋ ಜಲಸಂವರ್ಧನೆ ಯೋಜನೆಯಲ್ಲಿ 2002ರಿಂದ ಊರೂರಿಗೂ ಕೆರೆ ಅಭಿವೃದ್ಧಿ ಸಂಘ ಆದ್ವು, 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ರಿಜಿಸ್ಟರ್ ಕೂಡ ಆದ್ವು. ಯೋಜನೆಯ ದುಡ್ಡು ಇದ್ದಷ್ಟು ದಿನ ಸಭೆ, ಠರಾವು, ರಿಜಿಸ್ಟರ್ ಎಲ್ಲ ಇತ್ತು. ದುಡ್ಡು ನಿಂತ ಮೇಲೆ ಬಹಳ ಸಂಘಗಳು ವರ್ಷದ ಲೆಕ್ಕ ಸಲ್ಲಿಸೋದನ್ನೂ ಬಿಟ್ಟವು. ಕಾಮಗಾರಿಗೆ ಬೇಕಾದ ಬೈಲಾ ಬರೆದಿದ್ರು, ನೀರಿಗೆ ಬೇಕಾದದ್ದು ಬರೆದಿರಲಿಲ್ಲ.

ಕಾನೂನಿನ ತೊಡಕು ಇದು: ಏಳು ಜನ ಸೇರಿದ್ರೆ ಸಂಘ ನೋಂದಣಿ ಆಗುತ್ತೆ, ಆದ್ರೆ ಆ ಸಂಘದ ಬೈಲಾ ಸದಸ್ಯರಿಗೆ ಮಾತ್ರ ಕಟ್ಟು. 90 ಜನರಲ್ಲಿ 10 ಜನ ಸದಸ್ಯರಾಗದೆ ಹೊರಗೆ ಉಳಿದ್ರೆ ಅವರಿಗೆ ದಂಡ ಹಾಕೋ ಅಧಿಕಾರ ಸಂಘಕ್ಕಿಲ್ಲ. ಹಾಕಿ "ಬಹಿಷ್ಕಾರ" ಅಂತೆಲ್ಲ ಹೋದ್ರೆ ನೀವೇ ಅಪರಾಧಿಗಳಾಗ್ತೀರಿ. ಆ ಪದ ಸಭೆಯ ನಡಾವಳಿಯಲ್ಲೂ ಬರಬಾರದು.

ಇದಕ್ಕೆ ನಡೆಯೋ ದಾರಿ ಮುಂಗಡ ಠೇವಣಿ. ತೂಬು ತೆಗೆಯೋ ಮೊದಲೇ ಎಕರೆಗೆ ಇಷ್ಟು ಅಂತ ಎಲ್ಲರೂ ಕಟ್ಟೋದು. ಮೊತ್ತ ಸಣ್ಣದಿರಲಿ, 500 ರೂಪಾಯಿ ಅಂತ ಇಟ್ಕೊಳ್ಳಿ. ಮೊದಲ ತಪ್ಪಿಗೆ ಎಚ್ಚರಿಕೆ, ಎರಡನೆಯದಕ್ಕೆ 100, ಮೂರನೆಯದಕ್ಕೆ 300 ಮತ್ತು ಒಂದು ಸರದಿ ಕಟ್. ಹಂಗಾಮು ಮುಗಿದ ಮೇಲೆ ಉಳಿದದ್ದು ವಾಪಸ್. ವಸೂಲಿಗೆ ಮನೆ ಬಾಗಿಲಿಗೆ ಹೋಗೋ ಪ್ರಸಂಗವೇ ಬರಲ್ಲ. ಒಂದೇ ಏಟಿಗೆ 5,000 ದಂಡ ಅಂತ ಬರೆದ ಊರುಗಳಲ್ಲಿ ಅದನ್ನ ಮೊದಲ ಸಲ ಹಾಕಬೇಕಾದ ದಿನವೇ ಸಂಘ ಒಡೆಯುತ್ತೆ, ಯಾಕಂದ್ರೆ ತಪ್ಪಿತಸ್ಥ ಯಾರದ್ದೋ ಭಾವಮೈದ ಆಗಿರ್ತಾನೆ.

ತೂಬಿನ ತಿರುಪಿಗೆ ಎರಡು ಬೀಗ. ಒಂದರ ಕೀಲಿ ನೀರಗಂಟಿ ಹತ್ತಿರ, ಇನ್ನೊಂದು ಕೊನೆಗದ್ದೆಯ ಒಬ್ಬರ ಹತ್ತಿರ. ಅಧ್ಯಕ್ಷರ ಹತ್ತಿರ ಬೇಡ, ಅಧ್ಯಕ್ಷರು ಸಾಮಾನ್ಯವಾಗಿ ತಲೆಗದ್ದೆಯವರೇ. ಸರದಿ ಒಂದು ಸುತ್ತು ಕೆಳಗಿನಿಂದ ಮೇಲೆ, ಮುಂದಿನ ಸುತ್ತು ಮೇಲಿನಿಂದ ಕೆಳಗೆ. ಕೆಳಗಿನಿಂದ ಶುರು ಮಾಡಿದ್ರೆ ಒಣ ಕಾಲುವೆ ಪೂರ್ತಿ ನೆನೆಯೋ ನಷ್ಟ ಕೊನೆಗದ್ದೆಯವನ ನಿಮಿಷಕ್ಕೆ ಬೀಳುತ್ತೆ, ಆದ್ದರಿಂದ ಕಾಲುವೆ ತುಂಬೋ ಹೊತ್ತನ್ನ ಯಾರ ಲೆಕ್ಕಕ್ಕೂ ಸೇರಿಸದೆ ನೀರು ಅವನ ಮಡೆ ಮುಟ್ಟಿದ ಮೇಲೆ ಗಡಿಯಾರ ಶುರು ಅಂತ ಬರೆಯಿರಿ. ಈ ಒಂದು ಸಾಲು ಬಿಟ್ಟುಹೋದ್ದಕ್ಕೆ ಒಡೆದ ಸರದಿಗಳೇ ಹೆಚ್ಚು.

ದಾಮಾಷಾದ ಬಗ್ಗೆ ಒಂದು ಎಚ್ಚರಿಕೆ. ಅದು ಚೆಂದದ ಪದ್ಧತಿ, ಆದ್ರೆ ಉಳುವ ಗೇಣಿದಾರನಿಗೇ ಜಮೀನು ಕೊಟ್ಟ 1974ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ತನ್ನ ಜಮೀನಲ್ಲಿ ಇನ್ನೊಬ್ಬ ಉತ್ತ ಅಂತ ಕಾಗದದಲ್ಲಿ ಬರೆಯೋಕೆ ಯಾವ ಹಿಡುವಳಿದಾರನೂ ಒಪ್ಪಲ್ಲ. ಗೇಣಿ ಹಕ್ಕಿನ ಭಯ ಇನ್ನೂ ಹೋಗಿಲ್ಲ. ಬಾಯಿಮಾತಿಗೆ ಬಿಡಬೇಕಾದದ್ದು ಯಾವುದು ಅಂತ ಕೇಳಿದ್ರಲ್ಲ, ಇದು. ಅದೂ ಒಪ್ಪದಿದ್ರೆ ಪ್ರತಿಯೊಬ್ಬ ತನ್ನ ಎಕರೆಯಲ್ಲೇ 13 ಗುಂಟೆ ಬೆಳೆಯಲಿ. ಕಾಲುವೆಯ ಪೂರ್ತಿ ಉದ್ದ ನೆನೆಯುತ್ತೆ, ಎರಡು ಮೂರು ಗುಂಟೆ ಖೋತಾ ಆಗಬಹುದು, ಆದ್ರೆ ಜಗಳ ಇರಲ್ಲ.

ಹಳೇ ಕಡತ:

ಠೇವಣಿ ಮಾತಿಗೆ ಪೂರ್ತಿ ಒಪ್ಪಿಗೆ ಇಲ್ಲ. ಅರ್ಧ ಎಕರೆಯವನಿಗೆ ಬಿತ್ತನೆಯ ಹೊತ್ತಲ್ಲಿ 250 ರೂಪಾಯಿ ಅಂದ್ರೂ ಸಾಲವೇ. ನಾಲ್ಕು ಎಕರೆಯವನಿಗೆ 2,000 ಹೋದ್ರೂ ಲೆಕ್ಕಕ್ಕಿಲ್ಲ, ದಂಡ ಕಟ್ಟಿ ನೀರು ಕೊಂಡ ಹಾಗೆ ಮಾಡ್ತಾನೆ. ಸರದಿ ಕಟ್ ಆಗೋದೇ ನಿಜವಾದ ಶಿಕ್ಷೆ, ಅದು ಇಬ್ಬರಿಗೂ ಒಂದೇ ನೋವು. ದುಡ್ಡಿನ ದಂಡ ಹೆಸರಿಗಿರಲಿ.

ಬೈಲಾ ಬರೆಯುವವ:

ಸರಿ, ಒಪ್ಪಿದೆ. ಆದ್ರೆ ಸರದಿ ಕಟ್ ಮಾಡೋವಾಗ ಬೆಳೆ ಯಾವ ಹಂತದಲ್ಲಿದೆ ನೋಡಿ. ರಾಗಿ ತೆನೆ ಹೊರಡೋ ವಾರದಲ್ಲಿ ಕಟ್ ಮಾಡಿದ್ರೆ ಇಡೀ ಬೆಳೆಯನ್ನೇ ಕಿತ್ತುಕೊಂಡ ಹಾಗೆ. ಆ ಹೊತ್ತಿನ ತಪ್ಪಿಗೆ ಮುಂದಿನ ಹಂಗಾಮಲ್ಲಿ ಕಟ್ ಅಂತ ಬರೀಬಹುದು.

ಕೊನೆಗದ್ದೆ:

ಇಷ್ಟು ಊರೊಳಗಿನದ್ದು. ಕೆರೆಗೆ ನೀರು ತರೋ ರಾಜಕಾಲುವೆ ಒತ್ತುವರಿ ಆಗಿದೆ, ಹಿನ್ನೀರಿನ ಕಡೆಯವರು ತಮ್ಮ ಹೊಲ ಮುಳುಗದಿರಲಿ ಅಂತ ಕೋಡಿ (ತುಂಬಿದ ಮೇಲೆ ನೀರು ಹೊರಬೀಳೋ ಜಾಗ) ಕಲ್ಲು ಒಡೀತಾರೆ, ಅಡಿಕೆ ತೋಟದವರು ಕೆರೆ ಅಂಗಳಕ್ಕೇ (ನೀರು ನಿಲ್ಲೋ ಜಾಗಕ್ಕೇ) ಮೋಟಾರ್ ಇಟ್ಟಿದ್ದಾರೆ, ಮೀನಿನ ಟೆಂಡರ್ ಬೇರೆ. ಇದಕ್ಕೂ ಊರ ಕಟ್ಟು ಸಾಕಾಗುತ್ತಾ?

ಸರ್ವೆ ಕಲ್ಲು ಉತ್ತರಿಸಿದ್ದು:

ಸಾಕಾಗಲ್ಲ. ಊರ ಕಟ್ಟು ನಡೆಯೋದು ನಾಳೆಯೂ ಮುಖ ನೋಡಬೇಕಾದವರ ನಡುವೆ. ರಾಜಕಾಲುವೆ ಮೂರು ಊರು ದಾಟಿ ಬರುತ್ತೆ, ಮೇಲಿನ ಊರವನಿಗೆ ನಿಮ್ಮ ಸರದಿಯಿಂದ ಏನಾಗಬೇಕು?

ಒತ್ತುವರಿಗೆ ಕ್ರಮ ಹೀಗೆ. ಗ್ರಾಮನಕ್ಷೆ, ಕೆರೆಯ ಸರ್ವೆ ನಂಬರಿನ ಪಹಣಿ, ಹಳೇ ಸರ್ವೆ ಟಿಪ್ಪಣಿ (ಮೂಲ ಅಳತೆಯ ದಾಖಲೆ) ತೆಗೆಸಿ. ಪಹಣಿಯಲ್ಲಿ "ಸರ್ಕಾರಿ ಕೆರೆ" ಅಂತಿದ್ಯಾ, ವಿಸ್ತೀರ್ಣ ಟಿಪ್ಪಣಿಗೆ ಹೊಂದುತ್ತಾ ನೋಡಿ. ಅಲ್ಲೇ ಎಷ್ಟೋ ಸಲ ಗುಂಟೆಗಳು ಮಾಯ ಆಗಿರ್ತವೆ. ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸೋಕೆ) ತಹಶೀಲ್ದಾರರಿಗೆ ಅರ್ಜಿ ಕೊಡಿ, ಪ್ರತಿಗೆ ಸ್ವೀಕೃತಿ ಪಡೆಯಿರಿ. ಅಳತೆ ದಿನ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಿರಬೇಕು, ಹೋಗಿಲ್ಲ ಅಂದ್ರೆ ಆ ಅಳತೆ ಮೇಲ್ಮನವಿಯಲ್ಲಿ ನಿಲ್ಲಲ್ಲ. ಗಡಿಗೆ ಕಲ್ಲು ನೆಟ್ಟರೆ ಸಾಲದು, ಕೀಳ್ತಾರೆ. ಟ್ರೆಂಚ್ ಹೊಡೆಸಿ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ಕೆರೆ, ಹಳ್ಳ, ಕಾಲುವೆ ಸರ್ಕಾರದ ಸ್ವತ್ತು. ಒತ್ತುವರಿ 192ಎ ಕಲಂನಲ್ಲಿ ಅಪರಾಧ. ಊರ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ, ಅದೂ ಒಂದು ಕೆರೆಯ ಪ್ರಕರಣವೇ. ಅರ್ಜಿಯಲ್ಲಿ ಅದನ್ನ ಉಲ್ಲೇಖಿಸಿ.

ಯಾರ ಬಾಗಿಲಿಗೆ ಹೋಗಬೇಕು ಅನ್ನೋದು ಅಚ್ಚುಕಟ್ಟಿನ ಅಳತೆ ಮೇಲೆ. 40 ಹೆಕ್ಟೇರಿಗಿಂತ ಕಡಿಮೆ ಆದ್ರೆ ಪಂಚಾಯತ್ ರಾಜ್ ಕಡೆ, ಅದಕ್ಕಿಂತ ಮೇಲೆ 2,000 ಹೆಕ್ಟೇರ್ ತನಕ ಸಣ್ಣ ನೀರಾವರಿ ಇಲಾಖೆ. ನಿಮ್ಮ 120 ಎಕರೆ ಅಂದ್ರೆ 48.6 ಹೆಕ್ಟೇರ್, ಸಣ್ಣ ನೀರಾವರಿಗೆ ಬರುತ್ತೆ. ಎರಡು ಕಡೆ ಅಲೆದಾಡಿಸ್ತಾರೆ, ಅಚ್ಚುಕಟ್ಟಿನ ದಾಖಲೆ ಕೈಯಲ್ಲಿರಲಿ.

ಕೋಡಿ ವಿಷಯ ನಾಜೂಕು. 40 ಎಕರೆ ಹರವಿನ ಕೆರೆಗೆ ಒಂದು ಅಡಿ ಅಂದ್ರೆ 1.7 ದಶಲಕ್ಷ ಘನ ಅಡಿ. ಹಿನ್ನೀರಲ್ಲಿ ಉತ್ತವನು ಒಂದು ಅಡಿ ಕೋಡಿ ಒಡೆದ್ರೆ ಅಷ್ಟು ನೀರು ಹೋಯ್ತು, ಮೇಲಿನ ಲೆಕ್ಕದಲ್ಲಿ ಗದ್ದೆಗೆ ಮುಟ್ಟೋ ನೀರಿನ ಮುಕ್ಕಾಲು ಪಾಲು. ಹಾಗಂತ ಈ ಕಡೆಯವರು ಕೋಡಿ ಮೇಲೆ ಮರಳು ಮೂಟೆ ಜೋಡಿಸೋದೂ ಅಷ್ಟೇ ಅಪಾಯ. ಕೋಡಿಯಿಂದ ಏರಿ ನೆತ್ತಿಗೆ ಬಿಟ್ಟಿರೋ ಅಂತರ ದೊಡ್ಡ ಮಳೆಗೆ ಅಂತಲೇ ಬಿಟ್ಟದ್ದು. ಮೂಟೆ ಇಟ್ಟರೆ ಅದನ್ನೇ ತಿಂದ ಹಾಗೆ. ಮಣ್ಣಿನ ಏರಿ ಮೇಲೆ ನೀರು ಒಂದು ಸಲ ಉಕ್ಕಿ ಹರಿದ್ರೆ ಹಿಂಬದಿ ಕೊರೆದು ಕೆಲವೇ ಗಂಟೆಯಲ್ಲಿ ಒಡೆಯುತ್ತೆ. ಕೋಡಿಯ ಮಟ್ಟವನ್ನ ಇಲಾಖೆಯಿಂದ ಅಳೆಸಿ, ಪಕ್ಕದ ಬಂಡೆಗೆ ಗುರುತು ಕೊರೆಸಿ. ಇಬ್ಬರೂ ಮುಟ್ಟೋ ಹಾಗಿಲ್ಲ. ಇಲ್ಲಿ ಊರ ಒಪ್ಪಂದಕ್ಕೆ ಜಾಗವೇ ಇಲ್ಲ, ಏರಿ ಕೆಳಗೆ ಮನೆಗಳಿರ್ತವೆ.

ಮೀನಿನ ಗುತ್ತಿಗೆಯಲ್ಲಿ ಒಂದೇ ಷರತ್ತು ಸಾಕು: ತೂಬು, ಕೋಡಿ ಮುಟ್ಟೋ ಹಾಗಿಲ್ಲ. ಮೀನು ಹಿಡಿಯೋ ಕಾಲಕ್ಕೆ ನೀರು ಇಳಿಸೋಕೆ ರಾತ್ರಿ ತೂಬು ತೆಗೆಯೋದು ಹಳೇ ಚಾಳಿ. ಎರಡು ಬೀಗದ ಮಾತು ಇದಕ್ಕೂ ಆಗುತ್ತೆ.

ಅಂಗಳದ ಮೋಟಾರು ನೀರಾವರಿ ಕಾಯ್ದೆಯಲ್ಲೇ ತಪ್ಪು, ದೂರು ಕೊಡಿ. ಆದ್ರೆ ಅಚ್ಚುಕಟ್ಟಿನ ಒಳಗೇ ಕೊಳವೆಬಾವಿ ಇದ್ರೆ? ಅಲ್ಲಿ ನಿಜವಾದ ಬಿಕ್ಕಟ್ಟು. ಕೊಳವೆಬಾವಿ ಇದ್ದವನಿಗೆ ತೂಬು ತೆಗೆಯದಿದ್ರೇ ಲಾಭ, ಕೆರೆಯಲ್ಲಿ ನೀರು ನಿಂತಷ್ಟು ಅವನ ಬಾವಿ ತುಂಬುತ್ತೆ. ಅವನು ಕಾಲುವೆ ಹೂಳೆತ್ತೋಕೆ ಬರಲ್ಲ, ಸಭೆಗೂ ಬರಲ್ಲ. ಕೋಲಾರ ಜಿಲ್ಲೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆಗಳಿಗೆ ತುಂಬಿಸ್ತಿದ್ದಾರೆ, ಅಲ್ಲಿ ನಿಯಮವೇ ಹಾಗೆ: ನೇರವಾಗಿ ಎತ್ತುವ ಹಾಗಿಲ್ಲ, ಅಂತರ್ಜಲ ಮರುಪೂರಣಕ್ಕೆ ಮಾತ್ರ. ಆ ನೀರಿನ ಗುಣ ನೋಡಿದ್ರೆ ಕಾರಣ ಇದೆ. ಪರಿಣಾಮ ಮಾತ್ರ ಏನು? ಕೊಳವೆಬಾವಿ ಕೊರೆಸೋ ಶಕ್ತಿ ಇದ್ದವನಿಗೆ ಕೆರೆ ಸಿಕ್ಕಿತು, ತೂಬಿನ ನೀರನ್ನೇ ನಂಬಿದ್ದ ಅರ್ಧ ಎಕರೆಯವನಿಗೆ ಇಲ್ಲ. ಕಾನೂನು ಬಂದ ತಕ್ಷಣ ಬಡವನಿಗೆ ನ್ಯಾಯ ಅಂತ ತಿಳಿಯೋರು ಇದನ್ನೂ ನೋಡಬೇಕು.

ಬೈಲಾ ಬರೆಯುವವ:

ಹುಡುಗರಿಗೆ, ಹಿರಿಯರಿಗೆ ಇಬ್ಬರಿಗೂ ತೋರಿಸೋ ಹಾಗಿರೋದು ಸ್ಪೇನಿನ ವೆಲೆನ್ಸಿಯಾದ ನೀರಿನ ನ್ಯಾಯಮಂಡಳಿ. ರೈತರೇ ಆರಿಸಿದ ಎಂಟು ಕಾಲುವೆಗಳ ಪ್ರತಿನಿಧಿಗಳು ಪ್ರತಿ ಗುರುವಾರ ಮಧ್ಯಾಹ್ನ ಕ್ಯಾಥೆಡ್ರಲ್ ಬಾಗಿಲಲ್ಲಿ ಕೂರ್ತಾರೆ. ದೂರು ಬಾಯಲ್ಲೇ, ವಕೀಲರಿಲ್ಲ, ತೀರ್ಪು ಅಲ್ಲೇ. 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅದೇ ವರ್ಷ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್ ಇಂಥ ಏರ್ಪಾಡುಗಳನ್ನೇ ಅಧ್ಯಯನ ಮಾಡಿದವರು. ಅದು ಉಳಿದಿರೋದಕ್ಕೆ ಒಂದು ಕಾರಣ ಬಾಯಿಮಾತಿನ ಆ ಕಟ್ಟೆಗೆ ದೇಶದ ಕಾನೂನಿನ ಮಾನ್ಯತೆ ಇರೋದು. ನಿಮ್ಮ ಬೈಲಾವನ್ನ ಗ್ರಾಮಸಭೆಯಲ್ಲಿ ಓದಿ ಠರಾವಿಗೆ ಹಾಕಿಸಿ, ಪ್ರತಿಯನ್ನ ಇಲಾಖೆಗೆ ಕೊಟ್ಟು ಸ್ವೀಕೃತಿ ಇಟ್ಕೊಳ್ಳಿ. ವೆಲೆನ್ಸಿಯಾದ ಬಲ ಬರಲ್ಲ, ಆದ್ರೆ ನಾಳೆ ಯಾರಾದ್ರೂ ಕೋರ್ಟಿಗೆ ಹೋದಾಗ ಊರು ಒಪ್ಪಿ ನಡೆಸಿದ್ದು ಅನ್ನೋಕೆ ಒಂದು ಕಾಗದ ಇರುತ್ತೆ.

ತೂಬಿನ ಲೆಕ್ಕ:

ಸಭೆಗೆ ಮೊದಲು ಕಲ್ಲಿನ ತೂಬು ಸೋರ್ತಿದ್ಯಾ ನೋಡಿ. ಪೂರ್ತಿ ಮುಚ್ಚಿ, ಕಾಲುವೆ ಬಾಯಲ್ಲಿ ನೀರು ಒಂದೇ ಕಡೆ ಬೀಳೋ ಹಾಗೆ ತಗಡು ಕೊಟ್ಟು, 20 ಲೀಟರ್ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತೆ ಅಂತ ಮೂರು ಸಲ ನೋಡಿ. 10 ಸೆಕೆಂಡ್ ಆದ್ರೆ ಸೋರಿಕೆ ಸೆಕೆಂಡಿಗೆ 2 ಲೀಟರ್, ದಿನಕ್ಕೆ 173 ಘನ ಮೀಟರ್, ನೂರು ದಿನಕ್ಕೆ 0.6 ದಶಲಕ್ಷ ಘನ ಅಡಿ. ದಾರಿಯ ನಷ್ಟ ಕಳೆದ್ರೂ ಸುಮಾರು 7 ಎಕರೆ ರಾಗಿಯ ನೀರು. ಬಿರಡೆಗೆ ತೆಂಗಿನ ನಾರು ಸುತ್ತಿ, ಮೇಲೆ ಜೇಡಿ ಮೆತ್ತಿದ್ರೆ ಹಂಗಾಮು ಮುಗಿಯೋ ತನಕ ತಡೆಯುತ್ತೆ. ಶಟರ್ ತೂಬಿನಲ್ಲಿ ಸೋರೋದು ಸಾಮಾನ್ಯವಾಗಿ ರಬ್ಬರ್ ಸೀಲ್ ಹೋಗಿ, ಇಲ್ಲಾ ಕೆಳಗೆ ಕಲ್ಲು ಸಿಕ್ಕಿ. ಕಲ್ಲು ಸಿಕ್ಕಿದ್ದಾಗ ತಿರುಪನ್ನ ಬಲವಂತವಾಗಿ ತಿರುಗಿಸಬೇಡಿ, ಕಂಬಿ ಬಾಗುತ್ತೆ. ನಾಲ್ಕು ಸುತ್ತು ಮೇಲೆತ್ತಿ ನೀರಿನ ರಭಸಕ್ಕೆ ಕಲ್ಲು ಹೋಗೋಕೆ ಬಿಟ್ಟು ಆಮೇಲೆ ಇಳಿಸಿ.